ಕಟ್ಟಡ ಕೇಳಿ–ಹೇಳಿ: ಮಧ್ಯಾಹ್ನದ ತೂಕಡಿಕೆಗೆ ರೊಟ್ಟಿ ಕಾರಣ ಅಲ್ಲ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮನೆಯ ಬಗ್ಗೆ ಅಲ್ಲ, ಕೆಲಸ ಮಾಡುವ ಜಾಗದ ಬಗ್ಗೆ. ಬೇಸಿಗೆ ಬಂತಲ್ಲ, ಅದಕ್ಕೇ ಇರಬೇಕು. ಹೆಸರು ಹಾಕಬೇಡಿ ಎಂದು ಬಹಳ ಜನ ಬರೆದಿದ್ದಾರೆ, ಸಾಹೇಬರು ಓದಿದರೆ ಕಷ್ಟ ಅಂತೆ. ಊರಿನ ಹೆಸರಷ್ಟೇ ಹಾಕಿದ್ದೇನೆ.

ಪ್ರಶ್ನೆ: ನಮ್ಮದು ಲೆಕ್ಕಪತ್ರ ನೋಡುವ ಆಫೀಸು. ಎರಡನೇ ಮಹಡಿ, ಒಂದೇ ಹಾಲ್, ಹದಿನಾಲ್ಕು ಜನ. ಪಶ್ಚಿಮಕ್ಕೆ ಪೂರ್ತಿ ಗಾಜು. ಎರಡು ಸ್ಪ್ಲಿಟ್ ಎಸಿ ಇವೆ. ಧೂಳು ಬರ್ತದೆ ಅಂತ ಇದ್ದ ಎರಡು ಕಿಟಕಿಗೂ ಸ್ಕ್ರೂ ಹೊಡೆದಿದ್ದಾರೆ. ಮಧ್ಯಾಹ್ನ ಮೂರಾಯಿತೆಂದರೆ ಎಲ್ಲರಿಗೂ ತೂಕಡಿಕೆ, ತಲೆನೋವು. ಸಾಹೇಬರು "ರೊಟ್ಟಿ ಕಡಿಮಿ ತಿನ್ರಿ" ಅಂತಾರೆ. ಎಸಿ 18ಕ್ಕೆ ಇಟ್ಟರೂ ಗಾಜಿನ ಪಕ್ಕ ಕೂತವರಿಗೆ ಬೆವರು, ಎಸಿ ಕೆಳಗೆ ಕೂತವರಿಗೆ ಶಾಲು. ಏನು ಮಾಡಬೇಕು?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ರೊಟ್ಟಿ ಮೇಲೆ ಯಾಕ್ರೀ ಸಿಟ್ಟು, ಪಾಪ.

ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಹೊರಗೆ ನೇತಾಡುವ ಡಬ್ಬಿಗೂ ಒಳಗಿನ ಡಬ್ಬಿಗೂ ನಡುವೆ ಇರುವುದು ತಾಮ್ರದ ಪೈಪು, ಅದರೊಳಗೆ ಓಡುವುದು ಗ್ಯಾಸು. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ವಾಪಸ್ ಕೋಣೆಗೇ ಬಿಡುತ್ತದೆ. ಬೆಳಿಗ್ಗೆ ಹತ್ತಕ್ಕೆ ನೀವು ಬಿಟ್ಟ ಉಸಿರೇ ಮಧ್ಯಾಹ್ನ ಮೂರಕ್ಕೆ ತಂಪಾಗಿ ನಿಮ್ಮ ಮೂಗಿಗೆ ಬರುತ್ತದೆ.

ಲೆಕ್ಕದವರಿಗೆ ಲೆಕ್ಕದಲ್ಲೇ ಹೇಳುತ್ತೇನೆ. ಕುಳಿತು ಕೆಲಸ ಮಾಡುವ ಒಬ್ಬ ಮನುಷ್ಯ ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಹದಿನಾಲ್ಕು ಜನ ಅಂದರೆ 252 ಲೀಟರ್. ನಿಮ್ಮ ಹಾಲ್ 20 ಅಡಿಗೆ 30 ಅಡಿ, ಎತ್ತರ 10 ಅಡಿ ಅಂತ ಹಿಡಿಯೋಣ. ಒಳಗಿರುವ ಗಾಳಿ ಸುಮಾರು 1,70,000 ಲೀಟರ್. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 420 ಪಾಲಿನ ಆಸುಪಾಸು ಇರುತ್ತದೆ. ಎಲ್ಲಾ ಕಡೆ ಮುಚ್ಚಿದ ನಿಮ್ಮ ಹಾಲ್‌ನಲ್ಲಿ ಅದು ಒಂದೇ ಗಂಟೆಗೆ ಸುಮಾರು 1,500 ಪಾಲು ಏರುತ್ತದೆ. ಬಾಗಿಲು ತೆಗೆದು ಹಾಕಿ ಮಾಡ್ತೀರಲ್ಲ, ಅದರಿಂದ ಸ್ವಲ್ಪ ಇಳಿಯುತ್ತದೆ ಅನ್ನಿ. ಸಾಮಾನ್ಯವಾಗಿ 1,000 ದಾಟಿತು ಅಂದರೆ ಆ ಕೋಣೆಯಲ್ಲಿ ಗಾಳಿ ಸರಿಯಾಗಿ ಬದಲಾಗುತ್ತಿಲ್ಲ ಎಂದೇ ಅರ್ಥ. ಇದನ್ನು ಅಳೆಯುವ ಸಣ್ಣ ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಒಂದು ತಂದು ಸಾಹೇಬರ ಮೇಜಿನ ಮೇಲೆ ಸುಮ್ನೆ ಇಟ್ಟುಬಿಡಿ, ನೀವೇನೂ ಮಾತಾಡೋದು ಬೇಡ, ಮೂರು ಗಂಟೆಗೆ ಅದೇ ಮಾತಾಡುತ್ತದೆ.

ಇವತ್ತೇ ಮಾಡಬಹುದಾದ್ದು: ಆ ಸ್ಕ್ರೂ ಬಿಚ್ಚಿ. ಧೂಳಿಗೆ ಸಣ್ಣ ಜಾಳಿಗೆ ಹಾಕಿಸಿ. ಒಂದು ತುದಿಯಲ್ಲಿ ಎಕ್ಸಾಸ್ಟ್ ಫ್ಯಾನ್, ಅದರ ಎದುರು ತುದಿಯಲ್ಲಿ ಎರಡು ಬೆರಳು ತೆರೆದ ಕಿಟಕಿ. ಎರಡೂ ಒಂದೇ ಗೋಡೆಯಲ್ಲಿದ್ದರೆ ಪಕ್ಕದಿಂದ ಬಂದ ಗಾಳಿ ಪಕ್ಕದಲ್ಲೇ ಹೋಗುತ್ತದೆ, ನಡುವೆ ಕೂತವರಿಗೆ ಏನೂ ಸಿಗಲ್ಲ. ಊಟಕ್ಕೆ ಎದ್ದಾಗ ಎಸಿ ಆರಿಸಿ ಹತ್ತು ನಿಮಿಷ ಎಲ್ಲವನ್ನೂ ತೆರೆದಿಡಿ. "ತಂಪು ಹೊರಗೆ ಹೋಗ್ತದೆ, ಕರೆಂಟ್ ಬಿಲ್ಲು" ಅಂತ ಯಾರಾದರೂ ಅಂದರೆ ಎಸಿಯನ್ನು 18ರಿಂದ 26ಕ್ಕೆ ಏರಿಸಿ, ಸೀಲಿಂಗ್ ಫ್ಯಾನ್ ಹಾಕಿ. ಒಂದೊಂದು ಡಿಗ್ರಿ ಏರಿಸಿದಾಗ ಸುಮಾರು 6% ಕರೆಂಟ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರಿಂದ ಹೊಸ ಎಸಿಗಳು ಆನ್ ಮಾಡಿದ ಕೂಡಲೇ 24ಕ್ಕೇ ನಿಲ್ಲಬೇಕು ಎಂಬ ನಿಯಮ ಬಂದದ್ದೂ ಇದಕ್ಕೇ. ಹಳೇ ಫ್ಯಾನು 75 ವ್ಯಾಟ್ ಕುಡಿಯುತ್ತದೆ, ಬಿಎಲ್‌ಡಿಸಿ ಎಂಬ ಕಡಿಮೆ ಕರೆಂಟಿನ ಹೊಸ ಫ್ಯಾನ್ 30ರ ಹತ್ತಿರ. ಉಳಿದ ದುಡ್ಡಲ್ಲಿ ಎಕ್ಸಾಸ್ಟ್ ಫ್ಯಾನಿನ ಖರ್ಚು ಹುಟ್ಟುತ್ತದೆ.

ಇನ್ನು ಆ ಗಾಜು. ಎಲಿವೇಶನ್ ಚೆಂದ ಕಾಣಲಿ ಎಂದು ಪಶ್ಚಿಮಕ್ಕೆ ಗಾಜು ಹಾಕುವ ಹುಚ್ಚು ನಮ್ಮಲ್ಲಿ ಯಾವಾಗ ಹತ್ತಿತೋ ಗೊತ್ತಿಲ್ಲ. ನಾನೂ ಹಾಕಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ. ಧಾರವಾಡದಲ್ಲಿ ನನ್ನದೇ ಮೊದಲ ಆಫೀಸಿಗೆ ಹಾಕಿಸಿ, ಎರಡು ಬೇಸಿಗೆ ಕುದ್ದು, ಆಮೇಲೆ ಹೊರಗಡೆ ಬಿದಿರಿನ ತಟ್ಟಿ ಕಟ್ಟಿಸಿದೆ. ಹೊರಗಡೆ ಅನ್ನೋದನ್ನ ಗಮನಿಸಿ. ಬಿಸಿಲು ಒಮ್ಮೆ ಗಾಜು ದಾಟಿ ಒಳಗೆ ಬಂತೆಂದರೆ ಮುಗೀತು. ಒಳಗಿನ ಪರದೆ ಕಣ್ಣಿಗೆ ನೆರಳು ಕೊಡುತ್ತದೆ, ಶಾಖ ಕೋಣೆಯಲ್ಲೇ ಉಳಿಯುತ್ತದೆ. ಅದನ್ನು ಗಾಜಿನ ಆಚೆಗೇ ತಡೆಯಬೇಕು. ದಕ್ಷಿಣದ ಕಿಟಕಿಗಾದರೆ ಮೇಲೆ ಎರಡಡಿ ಸಜ್ಜಾ ಸಾಕು, ಅಲ್ಲಿ ಸೂರ್ಯ ಎತ್ತರದಲ್ಲಿರುತ್ತಾನೆ. ಡಿಸೆಂಬರ್ ನಡುಮಧ್ಯಾಹ್ನವೂ ನಮ್ಮ ಕಡೆ 51 ಡಿಗ್ರಿ ಮೇಲೇ ಇರುತ್ತಾನೆ. ಪಶ್ಚಿಮಕ್ಕೆ ಈ ಆಟ ನಡೆಯಲ್ಲ. ಸಂಜೆ ಸೂರ್ಯ ಸಜ್ಜಾದ ಕೆಳಗೆ ನುಗ್ಗಿ ನೇರ ಕೀಬೋರ್ಡ್ ಮೇಲೆ ಕೂರುತ್ತಾನೆ. ಅಲ್ಲಿ ನೆಟ್ಟಗೆ ನಿಲ್ಲುವ ಪಟ್ಟಿ, ತಟ್ಟಿ, ಜಾಲಂದ್ರ (ತೂತು ತೂತಿನ ಜಾಲರಿ ಗೋಡೆ), ಇಲ್ಲಾ ಮರ ಬೇಕು.

ಹಾಗಂತ ಪಶ್ಚಿಮವನ್ನು ಗೋಡೆ ಕಟ್ಟಿ ಮುಚ್ಚಬೇಡಿ. ನಮ್ಮ ಹುಬ್ಬಳ್ಳಿ-ಧಾರವಾಡದ ಕಷ್ಟವೇ ಇದು. ಸುಡುವ ಬಿಸಿಲು ಬರುವ ದಿಕ್ಕಿನಿಂದಲೇ ಸಂಜೆಯ ಆ ಒಳ್ಳೇ ಗಾಳಿಯೂ ಬರುತ್ತದೆ, ಜುಲೈನಲ್ಲಿ ಜಿಟಿಜಿಟಿ ಮಳೆಯೂ ಅಲ್ಲಿಂದಲೇ ಹೊಡೆದು ಗೋಡೆಗೆ ಬೂಸ್ಟು ಹಿಡಿಸುತ್ತದೆ. ಬಿಸಿಲು ಬೇಡ, ಮಳೆ ಬೇಡ, ಗಾಳಿ ಮಾತ್ರ ಬೇಕು ಅಂದರೆ ಜಾಲಂದ್ರವೇ ಸರಿ. ಗದಗ, ಲಕ್ಕುಂಡಿ ಕಡೆಯ ಹಳೇ ಗುಡಿಗಳಲ್ಲಿ ಕಲ್ಲಿನಲ್ಲೇ ಕೊರೆದಿದ್ದಾರಲ್ಲ, ಹಾಗೆ. ನಮಗೆ ಸಿಮೆಂಟಿನದೋ ಮಣ್ಣಿನದೋ ಆದರೂ ಆದೀತು, ತೂತು ಸ್ವಲ್ಪ ಹೊರಕ್ಕೆ ಇಳಿಜಾರಾಗಿರಲಿ, ನೀರು ಒಳಗೆ ಬರಲ್ಲ.

ಪ್ರಶ್ನೆ: ಆಫೀಸಿನಲ್ಲಿ ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್ ಇಟ್ಟರೆ ಗಾಳಿ ಶುದ್ಧ ಆಗುತ್ತದಂತೆ, ಹೌದಾ? ಇಪ್ಪತ್ತು ಕುಂಡ ತರೋಣ ಅಂತಿದ್ದೇವೆ.
– ಧಾರವಾಡ

ಉತ್ತರ: ತನ್ನಿ, ಚೆಂದ ಕಾಣುತ್ತವೆ. ಗಾಳಿ ಶುದ್ಧಿಗೆ ಅಂತ ತರಬೇಡಿ. ಈ ಮಾತು ಹುಟ್ಟಿದ್ದು 1989ರಲ್ಲಿ ನಾಸಾ ಮಾಡಿದ ಒಂದು ಪ್ರಯೋಗದಿಂದ. ಅವರು ಗಿಡಗಳನ್ನು ಇಟ್ಟಿದ್ದು ಸುತ್ತ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. ಅಷ್ಟು ವರ್ಷಗಳ ಪ್ರಯೋಗಗಳನ್ನೆಲ್ಲ 2019ರಲ್ಲಿ ಇಬ್ಬರು ಅಮೆರಿಕದ ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದರು. ಮಾಮೂಲಿ ಕಟ್ಟಡದಲ್ಲಿ ಗಾಳಿ ತಾನಾಗಿ ಬದಲಾಗುವುದರಿಂದ ಆಗುವಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಒಂದೊಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಎಂದು ಅವರ ಲೆಕ್ಕ. ಆಗ ಆಫೀಸ್ ಇರಲ್ಲ, ಕಾಡು ಇರುತ್ತದೆ, ನೀವು ಹೊರಗೆ ಕೂರಬೇಕು. ಐದೇ ಕುಂಡ ಒಳಗಿಡಿ, ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ, ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು. ಉಳಿದ ಹದಿನೈದು ಕುಂಡದ ದುಡ್ಡಿಗೆ ಪಶ್ಚಿಮದ ಕಡೆ ಒಂದು ಬೇವಿನ ಸಸಿ ನೆಟ್ಟು ಟ್ರೀ ಗಾರ್ಡ್ ಹಾಕಿ. ನಾಲ್ಕೈದು ವರ್ಷ ಬಿಟ್ಟು ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ನಮ್ಮದು ಸಣ್ಣ ಆಫ್‌ಸೆಟ್ ಪ್ರೆಸ್ಸು, ಪತ್ರಾಸಿನ (ತಗಡಿನ) ಶೆಡ್ಡು. ಮಾರ್ಚ್ ಬಂದರೆ ಒಳಗೆ ನಿಲ್ಲೋಕಾಗಲ್ಲ. ಇಂಕು, ಸೀಮೆಎಣ್ಣೆ ವಾಸನೆಗೆ ಹುಡುಗರಿಗೆ ಸಂಜೆ ತಲೆ ಸುತ್ತು. ದೊಡ್ಡ ಕೂಲರ್ ತರಲಾ, ಮೇಲೆ ಎಕ್ಸಾಸ್ಟ್ ಹಾಕಿಸಲಾ? ಒಬ್ಬರು ಥರ್ಮಾಕೋಲ್ ಸೀಲಿಂಗ್ ಮಾಡಿಸು ಅಂದರು.
– ಬೆಟಗೇರಿ, ಗದಗ

ಉತ್ತರ: ಥರ್ಮಾಕೋಲ್ ಅಂದವರನ್ನು ಶೆಡ್ಡಿನ ಹತ್ತಿರವೂ ಬಿಟ್ಟುಕೊಳ್ಳಬೇಡಿ. ಕಾಗದ, ಸೀಮೆಎಣ್ಣೆ, ವೈರಿಂಗ್, ಅದರ ಮೇಲೆ ಥರ್ಮಾಕೋಲ್. ಬೆಂಕಿಗೆ ಇನ್ನೇನು ಬೇಕು?

ಕೂಲರ್ ಕೂಡ ಬೇಡ. ಕೂಲರ್ ಕೆಟ್ಟದ್ದು ಅಂತಲ್ಲ. ಗದಗದ ಒಣ ಬೇಸಿಗೆಗೆ, ಕಾಗದ ಇಲ್ಲದ ಜಾಗದಲ್ಲಿ, ಎಸಿಗಿಂತ ಕೂಲರ್ ಎಷ್ಟೋ ವಾಸಿ, ಎದುರಿನ ಕಿಟಕಿ ತೆರೆದಿಟ್ಟರೆ ಮಾತ್ರ. ಮುಚ್ಚಿದ ಕೋಣೆಯಲ್ಲಿ ಹಾಕಿದರೆ ಅರ್ಧ ಗಂಟೆಗೆ ಬಚ್ಚಲುಮನೆ ಆಗುತ್ತದೆ. ಆದರೆ ನಿಮ್ಮದು ಪ್ರೆಸ್ಸು. ಕಾಗದ ತೇವ ಕುಡಿದು ಹಿಗ್ಗುತ್ತದೆ, ಅಂಚು ಸುರುಳುತ್ತದೆ. ನಾಲ್ಕು ಬಣ್ಣದ ಕೆಲಸದಲ್ಲಿ ರಿಜಿಸ್ಟರ್ (ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದು) ತಪ್ಪಿತೆಂದರೆ ಆ ಲಾಟು ರದ್ದಿಗೇ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಸೆಕೆಯಲ್ಲಿ ಮರೆತಿರಬೇಕು.

ಪತ್ರಾಸಿನ ಮೇಲ್ಮೈಗೆ ಬಿಳಿ ಬಣ್ಣ ಹೊಡೆಸಿ. ಶಾಖ ತಡೆಯುವ ಕೂಲ್ ರೂಫ್ ಬಣ್ಣ ಸಿಗುತ್ತದೆ, ಸ್ವಲ್ಪ ದುಬಾರಿ. ಸುಣ್ಣವೂ ನಡೆಯುತ್ತದೆ, ಆದರೆ ಪತ್ರಾಸಿನ ಮೇಲೆ ಅದು ಮೊದಲ ದೊಡ್ಡ ಮಳೆಗೇ ಇಳಿದುಹೋಗುತ್ತದೆ, ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ ಮತ್ತೆ ಹೊಡೆಯಬೇಕು. ಆಮೇಲೆ ಮೇಲಿನ ನೆತ್ತಿಯಲ್ಲಿ ಬಿಸಿಗಾಳಿಗೆ ದಾರಿ ಕೊಡಿ. ಕರೆಂಟ್ ಇಲ್ಲದೆ ಗಾಳಿಗೇ ತಿರುಗುವ ಆ ಗುಂಡನೆಯ ಟರ್ಬೊ ವೆಂಟಿಲೇಟರ್ ಕೂರಿಸಬಹುದು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ನಿಮ್ಮ ಶೆಡ್ಡಿನ ಮೇಲೂ ಹಾದು ಹೋಗುತ್ತದೆ, ಬಿಟ್ಟಿ ಸಿಗೋದನ್ನ ಯಾಕೆ ಬಿಡಬೇಕು. ಮೇಲೆ ಎಷ್ಟು ಬಾಯಿ ತೆರೆಯುತ್ತೀರೋ ಕೆಳಗೂ ಅಷ್ಟೇ ತೆರೆಯಿರಿ, ಇಲ್ಲದಿದ್ದರೆ ಹೊರಹೋಗೋ ಗಾಳಿಯ ಜಾಗಕ್ಕೆ ಬರೋ ಗಾಳಿ ಎಲ್ಲಿಂದ ಬರಬೇಕು?

ವಾಸನೆಯ ವಿಷಯ ಬೇರೆ. ರೋಲರ್ ತೊಳೆಯುವ ಸೀಮೆಎಣ್ಣೆ, ಥಿನ್ನರುಗಳ ಆವಿ ಗಾಳಿಗಿಂತ ಭಾರ. ಅದು ಕೆಳಗೇ ಕೂರುತ್ತದೆ, ಮೇಲಿನ ಎಕ್ಸಾಸ್ಟಿಗೆ ಅದರ ಸುದ್ದಿಯೇ ತಿಳಿಯಲ್ಲ. ತೊಳೆಯುವ ಜಾಗದ ಪಕ್ಕದ ಗೋಡೆಯಲ್ಲಿ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಇನ್ನೊಂದು ಎಕ್ಸಾಸ್ಟ್ ಹಾಕಿಸಿ, ಮೋಟರು ಕಿಡಿ ಹಾರಿಸದ ಜಾತಿಯದಿರಲಿ. ಅದಕ್ಕೂ ಮೊದಲು ಒಂದು ಬಿಟ್ಟಿ ಕೆಲಸ ಇದೆ: ಡಬ್ಬಿಗಳಿಗೆ ಮುಚ್ಚಳ ಹಾಕೋದು. ನಾನು ನೋಡಿದ ಪ್ರೆಸ್ಸುಗಳಲ್ಲೆಲ್ಲ ಸೀಮೆಎಣ್ಣೆ ಡಬ್ಬಿ ಬಾಯಿ ತೆರೆದೇ ಇರುತ್ತದೆ, ಒರೆಸಿದ ಅರಿವೆ ಮೂಲೆಯಲ್ಲಿ ರಾಶಿ. ಇಂಕು, ಎಣ್ಣೆ ಹೀರಿದ ಅರಿವೆ ರಾಶಿ ಬಿದ್ದರೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುವುದೂ ಉಂಟು. ಮುಚ್ಚಳ ಇರೋ ತಗಡಿನ ಡಬ್ಬ ತಂದಿಡಿ, ದಿನಾ ಖಾಲಿ ಮಾಡಿ. ಹುಡುಗರಿಗೆ ಕೈಗವಸು ಕೊಡಿಸಿ. ಇಷ್ಟಾದ ಮೇಲೂ ತಲೆ ಸುತ್ತು ಬಂದರೆ ಡಾಕ್ಟರ ಹತ್ತಿರ ಕಳಿಸಿ, ನನಗೆ ಬರೆದು ಕೂರಬೇಡಿ.

ಪ್ರಶ್ನೆ: ಸರ್, ಊರಲ್ಲಿ ನಮ್ಮಜ್ಜನ ಕಾಲದ, ಮಣ್ಣಿನ ಚಾವಣಿಯ ಮಾಳಿಗೆ ಮನೆ ಐತಿ. ನಾನು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡ್ತೀನಿ. ಕೆಡವಿ ಆರ್‌ಸಿಸಿ ಮನೆ ಕಟ್ಟಿ ಒಂದು ಛಲೋ ಆಫೀಸ್ ರೂಮ್ ಮಾಡ್ಕೊಬೇಕು ಅಂತ ನಂದು. ನಮ್ಮಪ್ಪ "ಮನಿ ಮುಟ್ಟಿದ್ರ ನೋಡು" ಅಂತಾರೆ. ಒಳಗೆ ಕತ್ತಲೆ, ಮಳೆಗಾಲಕ್ಕೆ ಸೋರ್ತದೆ. ಯಾರ ಮಾತು ಖರೆ?
– ಅಣ್ಣಿಗೇರಿ

ಉತ್ತರ: ಇಬ್ಬರದೂ ಅರ್ಧರ್ಧ ಖರೆ. ಅಪ್ಪಾರದು ಸ್ವಲ್ಪ ಜಾಸ್ತಿ.

ಎರಡಡಿ ದಪ್ಪದ ಮಣ್ಣಿನ ಗೋಡೆ ಬಿಸಿಲನ್ನು ಒಳಗೆ ದಾಟಿಸಲು ಅರ್ಧ ದಿನವನ್ನೇ ತೆಗೆದುಕೊಳ್ಳುತ್ತದೆ. ಶಾಖ ಒಳಗೆ ಮುಟ್ಟುವ ಹೊತ್ತಿಗೆ ಹೊರಗೆ ರಾತ್ರಿ ತಂಪಾಗಿರುತ್ತದೆ. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಮೂರ್ನಾಲ್ಕು ತಾಸಿಗೇ ಶಾಖ ಕೆಳಗಿಳಿಸುತ್ತದೆ. ಮಧ್ಯಾಹ್ನ ಕುಡಿದ ಬಿಸಿಲನ್ನು ನೀವು ವಿಡಿಯೋ ಕಾಲ್‌ನಲ್ಲಿ ಕೂತಾಗ, ಸಂಜೆ ಐದಕ್ಕೆ, ನೆತ್ತಿಯ ಮೇಲೆ ಸುರಿಯುತ್ತದೆ. ಅಣ್ಣಿಗೇರಿಯ ಬಿಸಿಲಲ್ಲಿ ಹೊಸ ಮನೆ ಅಂದರೆ ಎಸಿ ಖಾತ್ರಿ ಅಂತ ಬರೆದಿಟ್ಟುಕೊಳ್ಳಿ.

ಇನ್ನೊಂದು, ನಿಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹೊಸ ಮನೆ ಅಂದರೆ ಪಾಯ ಗಟ್ಟಿ ಗರಸು ನೆಲ ಸಿಗುವ ತನಕ ಇಳಿಯಬೇಕು, ಇಲ್ಲದಿದ್ದರೆ ಮೂರೇ ವರ್ಷಕ್ಕೆ ಗೋಡೆಯಲ್ಲಿ ಬಿರುಕು. ಗೌಂಡಿ ಹೇಳಿದ ಅಂದಾಜಿನಲ್ಲಿ ಈ ಖರ್ಚು ಸೇರಿದೆಯಾ ಅಂತ ಕೇಳಿ ನೋಡಿ, ಸಾಮಾನ್ಯವಾಗಿ ಸೇರಿರಲ್ಲ. ಪರಿಸರದ ಮಾತು ಬೇಕಾದರೆ ಅದೂ ಇದೆ: ಒಂದು ಟನ್ ಸಿಮೆಂಟ್ ತಯಾರಾಗುವಾಗ ಸುಮಾರು 600 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಈಗಾಗಲೇ ನಿಂತಿರುವ ಗೋಡೆಗೆ ಆ ಲೆಕ್ಕವೇ ಇಲ್ಲ.

ಆದರೆ ಮಾಳಿಗೆಯ ಬಗ್ಗೆ ನಿಮ್ಮ ಭಯ ಸುಳ್ಳಲ್ಲ, ಇದನ್ನು ಅಪ್ಪಾರಿಗೆ ಓದಿ ಹೇಳಿ. ಸೋರಿದಾಗೆಲ್ಲ ಮೇಲೆ ಒಂದಿಷ್ಟು ಮಣ್ಣು ಹಾಕಿ, ಮರುವರ್ಷ ಮತ್ತೊಂದಿಷ್ಟು ಹಾಕಿ, ಐವತ್ತು ವರ್ಷದಲ್ಲಿ ಅದು ಎಷ್ಟು ದಪ್ಪ ಆಗಿರುತ್ತದೋ ಯಾರಿಗೂ ಗೊತ್ತಿರಲ್ಲ. ಅಷ್ಟು ಮಣ್ಣು ಮಳೆನೀರು ಕುಡಿದರೆ ಭಾರ ಎಲ್ಲಾ ಜಂತಿಗಳ ಮೇಲೆ, ಜಂತಿಗೆ ಒಳಗಿಂದ ಗೆದ್ದಲು ಹತ್ತಿರುತ್ತದೆ. 2019ರ ಆಗಸ್ಟ್ ಮಳೆಗೆ ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಎಷ್ಟು ಮಣ್ಣಿನ ಮನೆ ಬಿದ್ದವು, ಮರೆತಿಲ್ಲ ಅಲ್ವಾ? ಮಳೆಗಾಲಕ್ಕೆ ಮುಂಚೆ ಒಬ್ಬ ಒಳ್ಳೇ ಬಡಿಗರನ್ನು ಕರೆಸಿ ಪ್ರತಿ ಜಂತಿ, ತೊಲೆ ಬಡಿದು ನೋಡಿಸಿ. ಟೊಳ್ಳು ಸದ್ದು ಬಂದರೆ ಬದಲಿಸಿ. ಹೆಚ್ಚುವರಿ ಮಣ್ಣು ಇಳಿಸಿ. ಜಂತಿಗಳೇ ಹೋಗಿದ್ದರೆ ಮಣ್ಣಿನ ಮಾಳಿಗೆ ಆಸೆ ಬಿಟ್ಟು, ಗೋಡೆ ಉಳಿಸಿಕೊಂಡು, ಮೇಲೆ ಹಗುರ ಮಂಗಳೂರು ಹಂಚು ಹೊದಿಸಿ, ಕೆಳಗೆ ಹಲಗೆ ಸೀಲಿಂಗ್ ಕೊಡಿ. ಗೋಡೆ ಕೆಳಗಡೆ ನೀರು ನಿಲ್ಲದ ಹಾಗೆ ಸುತ್ತ ಪರಸಿ ಕಲ್ಲು ಹಾಸಿ ಇಳಿಜಾರು ಮಾಡಿ.

ಒಂದು ತಪ್ಪು ಮಾತ್ರ ಮಾಡಬೇಡಿ, ಎಲ್ಲರೂ ಅದನ್ನೇ ಮಾಡುತ್ತಾರೆ: ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು. ಮಣ್ಣಿನ ಗೋಡೆ ತೇವ ಎಳೆದುಕೊಂಡು ಬಿಡುತ್ತಾ ಇರುತ್ತದೆ. ಸಿಮೆಂಟ್ ಹೊಡೆದರೆ ತೇವ ಒಳಗೇ ಸಿಕ್ಕಿಬಿದ್ದು ಗೋಡೆ ಒಳಗಿಂದ ಕರಗುತ್ತದೆ, ಗಿಲಾವು ಮೇಲೆ ಚೆಂದ ಕಾಣುತ್ತಲೇ ಇರುತ್ತದೆ, ಒಂದಿನ ಹಪ್ಪಳದ ಹಾಗೆ ಎದ್ದು ಬರುತ್ತದೆ. ಮಣ್ಣಿನ ಗಿಲಾವು ಇಲ್ಲಾ ಸುಣ್ಣದ ಗಿಲಾವು, ಎರಡರಲ್ಲಿ ಒಂದು.

ಕತ್ತಲೆಗೆ ಬೆಳಕಿಂಡಿ ಇದೆಯಲ್ಲ. ಅದನ್ನು ಮುಚ್ಚಿಲ್ಲ ತಾನೇ? ಎಷ್ಟೋ ಮನೆಗಳಲ್ಲಿ ಸೋರುತ್ತದೆ ಎಂದು ಪರಸಿ ಹೇರಿ ಮುಚ್ಚಿಬಿಟ್ಟಿರುತ್ತಾರೆ, ಆಮೇಲೆ ಮನೆ ಕತ್ತಲೆ ಅಂತ ದೂರುತ್ತಾರೆ. ಸುತ್ತ ಕಟ್ಟೆ ಎತ್ತರಿಸಿ, ಮೇಲೆ ಟಫನ್ಡ್ ಗಾಜಿನ ಟೋಪಿ, ಪಕ್ಕದಲ್ಲಿ ಬಿಸಿಗಾಳಿ ಹೋಗಲು ಸಂದು, ಜಾಳಿಗೆ. ಒಳಗೋಡೆಗೆ ಬಿಳಿ ಸುಣ್ಣ. ಮೇಜನ್ನು ಮುಂಬಾಗಿಲ ಪಕ್ಕದ ಬಂಕಕ್ಕೆ ತನ್ನಿ. ಬಾಗಿಲ ಬೆಳಕು ನಿಮ್ಮ ಎಡಕ್ಕೋ ಬಲಕ್ಕೋ ಬೀಳಲಿ. ಬೆನ್ನ ಹಿಂದೆ ಬಿದ್ದರೆ ಸ್ಕ್ರೀನಿನಲ್ಲಿ ಬರೀ ಬಾಗಿಲೇ ಕಾಣುತ್ತದೆ, ಎದುರಿಗೆ ಬಿದ್ದರೆ ಕಣ್ಣು ನೋಯುತ್ತದೆ.

ಪ್ರಶ್ನೆ: ಮೂರು ಮಹಡಿ ಕಾಂಪ್ಲೆಕ್ಸ್ ಕಟ್ಟಿಸುತ್ತಿದ್ದೇನೆ. ಗ್ರೀನ್ ಬಿಲ್ಡಿಂಗ್ ಸರ್ಟಿಫಿಕೇಟ್ ತೆಗೆದರೆ ಬಾಡಿಗೆ ಜಾಸ್ತಿ ಬರುತ್ತದೆ ಅಂತಾರೆ. ತೆಗೆಯಲಾ? ಉತ್ತರದ ಕಡೆ ಬಿಸಿಲೇ ಬೀಳಲ್ಲ, ಪೂರ್ತಿ ಗಾಜು ಹಾಕಿ ಅಂತಲೂ ಹೇಳಿದ್ದಾರೆ.
– ಹಾವೇರಿ

ಉತ್ತರ: ಸರ್ಟಿಫಿಕೇಟ್ ಕೆಟ್ಟದ್ದಲ್ಲ. ಹೈದರಾಬಾದಿನ ಸಿಐಐ ಗೋದ್ರೆಜ್ ಕಟ್ಟಡ 2003ರಲ್ಲಿ ಲೀಡ್ ಪ್ಲಾಟಿನಂ (ಅಮೆರಿಕದ ಗ್ರೀನ್ ರೇಟಿಂಗಿನ ಅತಿ ಮೇಲಿನ ದರ್ಜೆ) ಪಡೆದಾಗ ನಮ್ಮ ದೇಶದಲ್ಲಿ ಅದೇ ಮೊದಲು. ಆಮೇಲೆ ಐಜಿಬಿಸಿ, ಗೃಹ ಅಂತ ನಮ್ಮವೇ ರೇಟಿಂಗ್‌ಗಳು ಬೆಳೆದವು. ದೊಡ್ಡ ಕಂಪನಿಗೆ ಬಾಡಿಗೆ ಕೊಡುವ ದೊಡ್ಡ ಕಟ್ಟಡಕ್ಕೆ ಅರ್ಥ ಇದೆ. ಹಾವೇರಿಯ ಮೂರು ಮಹಡಿಗೆ, ನನ್ನನ್ನು ಕೇಳಿದರೆ, ಆ ಶುಲ್ಕದ ದುಡ್ಡನ್ನು ತೆರೆಯುವ ಕಿಟಕಿ, ಟೇರಸ್ ಮೇಲೆ ಬಿಳಿ ಚೈನಾ ಮೊಸಾಯಿಕ್, ಮಳೆನೀರು ತೊಟ್ಟಿಗೆ ಹಾಕಿ. ಸಾವಿರ ಚದರಡಿ ಟೇರಸ್ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ, ಚೆಲ್ಲಿದ್ದು ಆರಿದ್ದು ಕಳೆದೂ 50,000 ಲೀಟರ್ ಸಿಗುತ್ತದೆ.

ಉತ್ತರಕ್ಕೆ ಬಿಸಿಲು ಬೀಳಲ್ಲ ಅನ್ನೋದು ಎಲ್ಲೋ ದೂರದ ದೇಶದ ಪುಸ್ತಕದ ಮಾತು. ನಾವಿರೋದು 15 ಡಿಗ್ರಿ ಅಕ್ಷಾಂಶದ ಹತ್ತಿರ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಜೂನ್ ನಂತರ ಮೋಡ ಕಾಪಾಡುತ್ತದೆ, ಮೇ ತಿಂಗಳಿಗೆ ಯಾರು? ಅಲ್ಲೂ ಸಣ್ಣ ಸಜ್ಜಾ ಕೊಡಿ.

ಪ್ರಶ್ನೆ: ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಸೋಮವಾರ, ಗುರುವಾರ ಮಾಲು ಬಂದಾಗ ಆಫೀಸಿನಲ್ಲಿ ಕೂತವರೆಲ್ಲ ಸೀನಿ ಸೀನಿ ಸುಸ್ತು. ಎಕ್ಸಾಸ್ಟ್ ಹಾಕಿಸಿದ ಮೇಲೆ ಘಾಟು ಇನ್ನೂ ಜಾಸ್ತಿ ಆಗಿದೆ. ಯಾಕೆ?
– ಬ್ಯಾಡಗಿ

ಉತ್ತರ: ಎಕ್ಸಾಸ್ಟ್ ಹಾಕಿದ್ದಕ್ಕೇ ಜಾಸ್ತಿ ಆಗಿದೆ. ಅದು ಒಳಗಿನ ಗಾಳಿಯನ್ನು ಹೊರಗೆ ದಬ್ಬುತ್ತದೆ, ಆ ಖಾಲಿ ಜಾಗ ತುಂಬಲು ಗಾಳಿ ಬರೋದು ಎಲ್ಲಿಂದ? ಬಾಗಿಲ ಸಂದಿನಿಂದ, ಅಂದರೆ ಮೆಣಸಿನಕಾಯಿ ರಾಶಿ ಬಿದ್ದಿರುವ ಅಂಗಳದಿಂದ. ಮೇಲೆ ಹುಬ್ಬಳ್ಳಿಯವರಿಗೆ ಎಕ್ಸಾಸ್ಟ್ ಹಾಕಿಸಿ ಎಂದೆ, ನಿಮಗೆ ಉಲ್ಟಾ ಹೇಳುತ್ತಿದ್ದೇನೆ. ರಾಶಿಯಿಂದ ದೂರದ ಗೋಡೆಯಲ್ಲಿ, ಸಾಧ್ಯವಾದಷ್ಟು ಎತ್ತರದಲ್ಲಿ, ಫಿಲ್ಟರ್ ಹಾಕಿದ ಫ್ಯಾನ್ ಕೂರಿಸಿ ಹೊರಗಿನ ಚೊಕ್ಕ ಗಾಳಿಯನ್ನು ಒಳಗೆ ಊದಿ. ಒಳಗೆ ಗಾಳಿ ತುಂಬಿದ್ದರೆ ಅದು ಬಾಗಿಲ ಸಂದಿನಿಂದ ಹೊರಕ್ಕೆ ಹರಿಯುತ್ತದೆ, ಘಾಟಿಗೆ ಒಳಗೆ ಬರಲು ದಾರಿ ಇರಲ್ಲ. ಫಿಲ್ಟರನ್ನು ಸೀಸನ್‌ನಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿ, ಕೆಂಪಗಾಗಿದ್ದರೆ ಬದಲಿಸಿ. ಆಫೀಸಿಗೂ ಅಂಗಳಕ್ಕೂ ನಡುವೆ ಎರಡು ಬಾಗಿಲು ಇದ್ದರೆ ಇನ್ನೂ ಒಳ್ಳೇದು.

ಕಸಬರಿಗೆ ಹಿಡಿದು ಗುಡಿಸುವುದನ್ನು ನಿಲ್ಲಿಸಿ, ಕುಳಿತ ಧೂಳನ್ನು ಎಬ್ಬಿಸಿ ಮತ್ತೆ ಮೂಗಿಗೆ ಹಾಕಿಕೊಂಡ ಹಾಗೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಚೀಲ ಹೊರುವ, ರಾಶಿ ಮಾಡುವ ಹಮಾಲರಿಗೆ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಒಳ್ಳೇ ಮಾಸ್ಕ್ ಕೊಡಿ. ನಿಮಗೆ ಆಫೀಸಿನೊಳಗೆ ಇಷ್ಟು ಸೀನು ಬರುವುದಾದರೆ ಇಡೀ ದಿನ ರಾಶಿಯಲ್ಲೇ ಕೂತವರ ಗತಿ ಏನು? 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ, ಅಂದರೆ ಊರಿನ ಹೆಸರಿನ ಗುರುತು, ಬಂತು, ಕಡ್ಡಿ ತಳಿಗೆ ಎಷ್ಟು ರೇಟು, ಡಬ್ಬಿ ತಳಿಗೆ ಎಷ್ಟು ರೇಟು ಅಂತ ಪೇಪರಿನಲ್ಲಿ ಬರುತ್ತದೆ, ಅವರ ಮೂಗಿನ ಸುದ್ದಿ ಎಲ್ಲೂ ಬರಲ್ಲ.

ಕೈ ಉರಿಗೆ ಬರೀ ನೀರು ಹಾಕಿ ತೊಳೆದರೆ ಹೋಗಲ್ಲ, ಖಾರ ಎಣ್ಣೆಗೆ ಕರಗುತ್ತದೆ, ನೀರಿಗೆ ಕರಗಲ್ಲ. ಮೊದಲು ಸ್ವಲ್ಪ ಶೇಂಗಾ ಎಣ್ಣೆ ತಿಕ್ಕಿ, ಆಮೇಲೆ ಸಾಬೂನು. ನಲ್ಲಿ ಪಕ್ಕ ಒಂದು ಎಣ್ಣೆ ಬಾಟ್ಲಿ ಇಟ್ಟುಬಿಡಿ.